ಮೊದಲನೆಯದು ಹೊಳೆಗೆ

ಅವರ ಎಡಗೈ ಹೆಬ್ಬೆರಳಿನ ಬುಡದಲ್ಲಿ, ಚರ್ಮದ ಒಳಗೆ, ಅಕ್ಕಿಕಾಳಿನಷ್ಟು ಉದ್ದದ ಒಂದು ನೀಲಿ ಗೆರೆ ಇತ್ತು. ಲೇತ್ ಯಂತ್ರದ ಮೇಲೆ ಉಕ್ಕು ಕೊರೆಯುವಾಗ ಸಿಡಿದ ಚೂರು ಅದು. ಒಳಹೊಕ್ಕು, ಮೇಲೆ ಚರ್ಮ ಕೂಡಿಕೊಂಡು, ಅಲ್ಲೇ ಉಳಿದುಬಿಟ್ಟಿತ್ತು. ತೆಗೆಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ, "ಇರ್ಲಿ ಬಿಡ್ರಿ. ಅದೇನು ಊಟಾ ಕೇಳತೈತೇನು?" ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ನಾನು ಅದನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಒತ್ತಿದರೆ ಇಲಿಮರಿಯ ಹಾಗೆ ಸ್ವಲ್ಪ ಸರಿಯುತ್ತಿತ್ತು. ಮನುಷ್ಯನ ಮೈಯೊಳಗೆ ಲೋಹ ಸುಮ್ಮನೆ ವಾಸಮಾಡಬಲ್ಲದು ಎಂದು ನಾನು ಮೊದಲು ತಿಳಿದದ್ದು ಆ ಅಂಗೈಯಿಂದ.

ನಾವು ಅವರನ್ನು ಟರ್ನರ್ ಕಾಕಾ ಎನ್ನುತ್ತಿದ್ದೆವು. ನನ್ನ ಅಪ್ಪ ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದು ಕಾಗದದ ಮಿಲ್ಲು ಸೇರಿದವರು. ಕಾಕಾ ಅದೇ ಮಿಲ್ಲಿನ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದರು. ನಮ್ಮ ಓಣಿಯಲ್ಲಿ ಎರಡು ಮನೆಗಳಿಗೂ ಒಂದೇ ಗೋಡೆ. ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು. ನಿವೃತ್ತರಾದ ಮೇಲೆ ಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಹಾಕಿ, ಹಳೆಯ ಲೇತೊಂದನ್ನು ತಂದು ಕೂರಿಸಿದರು. ಮಿಲ್ಲಿನ ಭೋಂಗಾ, ಅಂದರೆ ಶಿಫ್ಟಿನ ಸೈರನ್ನು, ಕೂಗಿದಾಗಲೇ ಶೆಡ್ಡಿನ ಬಾಗಿಲು ತೆಗೆಯುವುದು, ಭೋಂಗಾ ಕೂಗಿದಾಗಲೇ ಹಾಕುವುದು. ಕೆಲಸ ಬಿಟ್ಟಿದ್ದರೂ ಶಿಫ್ಟು ಬಿಟ್ಟಿರಲಿಲ್ಲ.

ಅಂಗಿಯ ಕಿಸೆಯಲ್ಲಿ ಯಾವಾಗಲೂ ಅಳತೆಯ ವರ್ನಿಯರ್ ಇರುತ್ತಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುವ ಚಟ. ಒಮ್ಮೆ ಅವರ ಹೆಂಡತಿ, ನಮ್ಮ ಕಾಕು, ಬಡಿದ ಜೋಳದ ರೊಟ್ಟಿಗೇ ವರ್ನಿಯರ್ ಹಿಡಿದು, "ಇವತ್ತ ಅರ್ಧಾ ಎಂ.ಎಂ. ದಪ್ಪಾತು" ಎಂದರು. ಕಾಕು ತಿರುಗಿಯೂ ನೋಡದೆ, "ಹಂಗಾರ ನಾಳಿಂದ ಲೇತಿನ ಮ್ಯಾಲ ನೀವ ಬಡಕೋರಿ" ಎಂದರು. ಮರುದಿನದಿಂದ ರೊಟ್ಟಿಯನ್ನು ಅಳೆಯುವುದು ನಿಂತಿತು.

ಕಾಕಾನಿಗೆ ಒಂದು ರೂಢಿ ಇತ್ತು. ಮಿಲ್ಲಿನ ಹಳೆಯ ಟರ್ನರುಗಳಿಂದ ಬಂದದ್ದಂತೆ. ಹೊಸ ನಮೂನೆಯ ಕೆಲಸ ಯಾವುದೇ ಇರಲಿ, ಮೊದಲು ತಯಾರಾದ ತುಣುಕನ್ನು ಕಾಳಿ ಹೊಳೆಗೆ ಬಿಡಬೇಕು. ಬೇಕಾದಷ್ಟು ಚಂದ ಬಂದಿರಲಿ, ಗಿರಾಕಿ ಎಷ್ಟೇ ಅವಸರ ಮಾಡಲಿ, ಅದನ್ನು ಒರೆಸಿ, ಹಣೆಗೆ ಮುಟ್ಟಿಸಿ, ಹೋಗಿ ನೀರಿಗೆ ಹಾಕಿ ಬರುತ್ತಿದ್ದರು. ಮಿಲ್ಲಿಗೂ ಊರಿಗೂ ನೀರು ಕೊಡುವುದು ಹೊಳೆ. ಅದರ ಪಾಲು ಅದಕ್ಕೆ. "ಮೊದಲನೇದು ಹೊಳೀದು, ಎರಡನೇದು ಗಿರಾಕೀದು, ಕೆಟ್ಟದ್ದು ನಂದು" ಎನ್ನುವುದು ಅವರ ಮಾತು. ಹೊಸ ನಮೂನೆಯ ಮೊದಲ ಸಲದ ಮಾಲಿಗೆಲ್ಲ, ಮಂದಿಗೆ ಕಾಣದ ಕಡೆ, ಸೂಜಿಮೊನೆಯಷ್ಟು ಒಂದು ಚುಕ್ಕೆ ಹೊಡೆಯುವುದು ಅವರ ಇನ್ನೊಂದು ಗುಟ್ಟು. ಆ ಚುಕ್ಕೆಯ ವಿಷಯ ಕಾಕುವಿಗೂ ನನಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ನನಗೆ ಹತ್ತೊಂಬತ್ತು ವರ್ಷ. ಅಂಬಿಕಾನಗರದ ಕಾಲೊನಿಯಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತ ಹಿಂದೆ ಹಿಂದೆ ಸರಿದವಳು ಅಂಚು ಮುಗಿದದ್ದನ್ನು ನೋಡಲಿಲ್ಲ. ಬಿದ್ದದ್ದು ನೆನಪಿಲ್ಲ, ಕೈಯಲ್ಲಿ ಸಂಡಿಗೆ ಹಿಟ್ಟು ಇನ್ನೂ ಬೆಚ್ಚಗಿದ್ದದ್ದು ನೆನಪಿದೆ. ಹುಬ್ಬಳ್ಳಿಯ ಡಾಕ್ಟರು ಬೆನ್ನುಮೂಳೆ ಒಡೆದಿದೆ, ನಾಲ್ಕು ಸ್ಕ್ರೂ ಎರಡು ಸರಳು ಹಾಕಿ ನಿಲ್ಲಿಸದಿದ್ದರೆ ಕಾಲು ಬರುವುದಿಲ್ಲ ಎಂದರು. ಆಗ ಅಂಥ ಸೆಟ್ಟುಗಳು ಪರದೇಶದಿಂದಲೇ ಬರಬೇಕು. ನಮ್ಮಂಥವರ ಕೈಗೆ ಎಟಕುವ ಮಾತಲ್ಲ ಅದು.

ಆ ಡಾಕ್ಟರು ತಮ್ಮ ಮುರಿದ ಸಲಕರಣೆಗಳನ್ನು ರಿಪೇರಿಗೆಂದು ಕಾಕಾನ ಶೆಡ್ಡಿಗೇ ಕಳಿಸುತ್ತಿದ್ದವರು. ಅವರು ಒಂದು ಹಳೆಯ ಪರದೇಶಿ ಸ್ಕ್ರೂವನ್ನು ಕಾಕಾನ ಕೈಗಿಟ್ಟು, ಕೊರೆಯಲು ಮೈಯೊಳಗೆ ತುಕ್ಕು ಹಿಡಿಯದ ಉಕ್ಕಿನ ಸರಳನ್ನೂ ತರಿಸಿಕೊಟ್ಟು, "ಇಂಥಾದ್ದು ಮಾಡಾಕ ಬರತೈತೇನ್ರಿ?" ಎಂದು ಕೇಳಿದರಂತೆ.

"ಮಾಡೂದು ದೊಡ್ಡದಲ್ರಿ. ಯಾರಿಗಿದು?"

"ನಿಮ್ಮ ಬಾಜೂ ಮನಿ ಹುಡುಗಿಗೆ."

ಕಾಕಾ ಆಗಲೇ ಆ ಸರಳನ್ನು ಲೇತಿಗೆ ಕಟ್ಟಿದರಂತೆ. ಮೂರು ದಿನ ಮಧ್ಯಾಹ್ನದ ಊಟಕ್ಕೂ ಮನೆಗೆ ಬರಲಿಲ್ಲ ಎಂದು ಕಾಕು ಮುಂದೆ ನನಗೆ ಹೇಳಿದರು.

ಆ ಸ್ಕ್ರೂವಿನ ತಲೆ ಎರಡು ಗೋಡೆಗಳ ಬಟ್ಟಲಿನ ಹಾಗಿರುತ್ತದೆ. ನಡುವೆ ಸರಳು ಕೂರುತ್ತದೆ, ಮೇಲಿಂದ ನಟ್ಟು ಬಿಗಿಯುತ್ತಾರೆ. ಹಳೆಯ ನಮೂನೆಯಲ್ಲಿ ಬಿಗಿದಷ್ಟೂ ಗೋಡೆಗಳು ಹೊರಕ್ಕೆ ಅಗಲಿ, ಕಾಲಕ್ರಮದಲ್ಲಿ ನಟ್ಟು ಸಡಿಲಾಗುತ್ತಿತ್ತು. ಕಾಕಾ ಗೋಡೆಯ ಒಳಗಿನ ಥ್ರೆಡ್ಡನ್ನು, ಅಂದರೆ ನಟ್ಟು ತಿರುಗುವ ಗೆರೆಯನ್ನು, ಒಳಮುಖವಾಗಿ ವಾಲಿಸಿ ಕೊರೆದರು. ಈಗ ಬಿಗಿದಷ್ಟೂ ಗೋಡೆಗಳು ಒಳಕ್ಕೆ ಬಂದು ಅಪ್ಪಿಕೊಳ್ಳುತ್ತಿದ್ದವು. ಮಿಲ್ಲಿನ ರೋಲರ್ ಹಿಡಿಯುವ ಕ್ಲಾಂಪಿಗೆ ಹಳೆಯ ಮೇಸ್ತ್ರಿಯೊಬ್ಬರು ಹೀಗೆ ಕೊರೆಯುತ್ತಿದ್ದದ್ದನ್ನು ಕಾಕಾ ನೋಡಿದ್ದರು. ಇಷ್ಟೇ. ಆ ವಾಲಿದ ಗೆರೆಗಾಗಿಯೇ ಮುಂದೆ ಎರಡು ಕಂಪನಿಗಳು ಕೋರ್ಟಿನ ಮೆಟ್ಟಿಲು ಹತ್ತಿದವು.

ಬೇಕಾದದ್ದು ನಾಲ್ಕು. ಕಾಕಾ ಮಾಡಿದ್ದು ಐದು. ಐದಕ್ಕೂ ಚುಕ್ಕೆ ಹೊಡೆದು, ಮೊದಲನೆಯದನ್ನು ಹೊಳೆಗೆ ಬಿಟ್ಟು, ಉಳಿದ ನಾಲ್ಕನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದರು. ಎಲ್ಲಿಯದೋ ಶೆಡ್ಡಿನಲ್ಲಿ ಕೊರೆದದ್ದನ್ನು ಹುಡುಗಿಯ ಬೆನ್ನಿಗೆ ಹಾಕಿದೆ ಎಂದು ಡಾಕ್ಟರು ಹೊರಗೆ ಹೇಳುವ ಹಾಗಿರಲಿಲ್ಲ. ನಮ್ಮ ಎರಡು ಮನೆಗಳಲ್ಲೇ ಆ ಮಾತು ಉಳಿಯಿತು.

ನಾನು ಎದ್ದು ನಡೆದೆ. ಒಂದು ವರ್ಷದ ಮೇಲೆ ತಪಾಸಣೆಗೆ ಹೋದಾಗ, ಇವನ್ನು ಇನ್ನು ತೆಗೆಯಬಹುದೇ ಎಂದು ಅಪ್ಪ ಕೇಳಿದರು. "ಮುಟ್ಟೂದು ಬ್ಯಾಡ. ಒಂದು ಸ್ಕ್ರೂ ನರದ ಬಾಜೂಕ ಐತಿ. ತೆಗಿಯಾಕ ಹೋದ್ರ ಕಾಲು ಕಳಕೊಂಡಾಳು" ಎಂದರು ಡಾಕ್ಟರು. ಬಾಗಿಲ ಹತ್ತಿರ ನಿಂತಿದ್ದ ಕಾಕಾ ಅದನ್ನು ಕೇಳಿಸಿಕೊಂಡರು.

ಅಂದಿನಿಂದ ಅವರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ.

"ನಮ್ಮ ನಾಕು ಮಂದಿ ಹೆಂಗ ಅದಾರವಾ?"

"ಆರಾಮ ಅದಾರ ಕಾಕಾ."

ನನ್ನ ಬಿ.ಎಡ್. ಮುಗಿದು ಹಳಿಯಾಳದ ಶಾಲೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಪ್ರಶ್ನೆ ಬದಲಾಗಲಿಲ್ಲ. ಮದುವೆಯ ಅಕ್ಷತೆ ಹಾಕಲು ಬಂದಾಗಲೂ ಕಿವಿಯ ಹತ್ತಿರ ಬಾಗಿ ಅದನ್ನೇ ಕೇಳಿದರು. ಗಂಡನ ಕಡೆಯವರು, ಇದ್ಯಾವ ನಾಲ್ಕು ಮಂದಿ ಹೆಣ್ಣಿನ ಸಂಗಡ ಬರುತ್ತಿದ್ದಾರೆ ಎಂದು ಗಾಬರಿಯಾದರು.

ಇತ್ತ ಆ ಡಾಕ್ಟರ ಪರಿಚಯದ ಬೆಳಗಾವಿಯವರೊಬ್ಬರು ಇದೇ ನಮೂನೆಯ ಸ್ಕ್ರೂ ಮಾಡುವ ಸಣ್ಣ ಕಂಪನಿ ತೆಗೆದರು. ಕಾಕಾ ಸೋಮವಾರದ ಬಸ್ಸಿಗೆ ಹೋಗಿ ಶನಿವಾರ ಬರುತ್ತ, ಅಲ್ಲಿಯವರಿಗೆ ಆ ವಾಲಿದ ಥ್ರೆಡ್ಡು ಕೊರೆಯುವುದನ್ನು ಕಲಿಸಿದರು. ಮಾಲು ಹುಬ್ಬಳ್ಳಿ, ಕೊಲ್ಹಾಪುರದ ಆಸ್ಪತ್ರೆಗಳಿಗೆ ಹೋಗತೊಡಗಿತು. ದೊಡ್ಡ ಕಂಪನಿಗಳ ಟೈ ಕಟ್ಟಿದ ಏಜೆಂಟರು ಕೂರುತ್ತಿದ್ದ ಬೆಂಚಿನಲ್ಲಿ ಬೆಳಗಾವಿಯ ಮಾಲೀಕರೂ ಒಂದು ಕೈಚೀಲ ಹಿಡಿದು ಕೂರತೊಡಗಿದರು. ಹಲವು ವರ್ಷ ಹೀಗೆ ನಡೆಯಿತು. ಸಣ್ಣವನು ಬೆಂಚಿನ ಮೂಲೆಯಲ್ಲಿರುವ ತನಕ ದೊಡ್ಡವರು ಏನೂ ಅನ್ನಲಿಲ್ಲ. ನಡುವಿಗೆ ಸರಿದಾಗ ಮುಂಬಯಿಯ ಒಂದು ದೊಡ್ಡ ಕಂಪನಿಯಿಂದ ನೋಟೀಸು ಬಂತು. ಆ ಥ್ರೆಡ್ಡಿನ ಮೇಲೆ ತಮ್ಮ ಪೇಟೆಂಟು ಇದೆ, ನೀವು ಕದ್ದಿದ್ದೀರಿ, ನಿಲ್ಲಿಸಿ.

ಆ ಇಂಗ್ಲಿಷು ಕಾಗದವನ್ನು ಕಾಕಾನ ಪಡಸಾಲೆಯಲ್ಲಿ ಓದಿ ಹೇಳಿದವಳು ನಾನೇ. ಮಾಲೀಕರೂ ಅವರ ವಕೀಲರೂ ಎದುರಿಗೆ ಕೂತಿದ್ದರು.

"ಕದ್ದಾರ ಅಂತ ನಾ ಅವ್ರಿಗೂ ಅನ್ನೂದಿಲ್ಲ" ಎಂದರು ಕಾಕಾ. "ಒಂದ ಬ್ಯಾನಿಗೆ ಇಬ್ಬರಿಗೆ ಒಂದ ಔಷಧ ಹೊಳೀಬಹುದು. ಆದ್ರ ನಾವು ಕದ್ದಿಲ್ಲ."

ವಕೀಲರು ವಿಷಯ ಬಿಡಿಸಿ ಹೇಳಿದರು. ಬೆಳಗಾವಿ ಕಂಪನಿ ಮಾರಾಟ ಶುರುಮಾಡಿದ್ದು ಮುಂಬಯಿಯವರು ಪೇಟೆಂಟಿಗೆ ಅರ್ಜಿ ಹಾಕಿದ ಮೇಲೆ. ಹಾಗಾಗಿ ಕಂಪನಿಯ ಮಾಲು ಯಾವುದೂ ಉಪಯೋಗಕ್ಕಿಲ್ಲ. ಆದರೆ ಅರ್ಜಿಗಿಂತ ಮೊದಲೇ ಈ ಸ್ಕ್ರೂ ಇಲ್ಲಿ ಬಳಕೆಯಲ್ಲಿತ್ತು ಎಂದು ತೋರಿಸಿದರೆ ಅವರ ಪೇಟೆಂಟು ನಿಲ್ಲುವುದು ಕಷ್ಟ. ಕಾಕಾ ಹಿಂದೆ ಡಾಕ್ಟರಿಗೆಂದು ಕೆಲವು ನಮೂನೆ ಮಾಡಿಕೊಟ್ಟದ್ದು ಮಾಲೀಕರಿಗೆ ಗೊತ್ತು. ಅವು ಏನಾದವು ಎನ್ನುವುದು ಗೊತ್ತಿಲ್ಲ. ಡಾಕ್ಟರು ತೀರಿಕೊಂಡಿದ್ದರು. ಆಸ್ಪತ್ರೆಯ ಹಳೆಯ ಕಾಗದಗಳೂ ಹೋಗಿದ್ದವು.

"ಒಂದ ಒಂದು ಪೀಸು ಸಿಕ್ಕರ ಸಾಕ್ರಿ ಕಾಕಾರ" ಎಂದರು ವಕೀಲರು. "ಯಾವಾಗಿಂದು ಅಂತ ಗೊತ್ತಾಗೂವಂಥಾದ್ದು. ಕೈಯಾಗ ಹಿಡದು ನೋಡೂವಂಥಾದ್ದು."

ನನ್ನ ಕೈ ತನ್ನಷ್ಟಕ್ಕೆ ಬೆನ್ನ ಹಿಂದೆ ಹೋಯಿತು. ಆಪರೇಷನ್ನಿನ ತಾರೀಖಿದ್ದ ಡಿಸ್ಚಾರ್ಜ್ ಕಾರ್ಡು ನಮ್ಮ ಮನೆಯ ಟ್ರಂಕಿನಲ್ಲಿತ್ತು. ಅರ್ಜಿಗಿಂತ ಎರಡು ವರ್ಷ ಮೊದಲಿನ ತಾರೀಖು. ಎಕ್ಸ್‌ರೇಯಲ್ಲಿ ಸ್ಕ್ರೂಗಳು ಬರೀ ಬಿಳಿ ಆಕಾರವಾಗಿ ಕಾಣುತ್ತವೆ, ಒಳಗಿನ ಗೆರೆ ಕಾಣುವುದಿಲ್ಲ. ಗೆರೆ ಕಾಣಬೇಕಾದರೆ, ಚುಕ್ಕೆ ಕಾಣಬೇಕಾದರೆ, ಅವು ಹೊರಗೆ ಬರಬೇಕು.

"ಯವ್ವಾ, ಒಳಗ ಹೋಗಿ ಚಾ ಇಡು" ಎಂದರು ಕಾಕಾ. ಅವರು ನನ್ನ ಮುಖ ನೋಡಲಿಲ್ಲ.

ಅಂದಿನಿಂದ ನಾಲ್ಕು ಮಂದಿಯ ಕ್ಷೇಮಸಮಾಚಾರ ನಿಂತುಹೋಯಿತು. ದಾರಿಯಲ್ಲಿ ಸಿಕ್ಕರೆ ಮಗಳನ್ನು ಮಾತಾಡಿಸುತ್ತಿದ್ದರು, ಶಾಲೆಯ ಬಗ್ಗೆ ಕೇಳುತ್ತಿದ್ದರು, ಹೋಗುತ್ತಿದ್ದರು. ನಾನು ಹಳಿಯಾಳದ ಬಸ್ಸಿನಲ್ಲಿ ಕೂತು, ಪ್ರತಿ ಗುಂಡಿಗೂ ಬೆನ್ನು ಚುಳುಕ್ ಎಂದಾಗ, ಅದನ್ನೇ ಯೋಚಿಸುತ್ತಿದ್ದೆ. ಮಗಳಿಗೆ ಮೂರು ವರ್ಷ. ಎತ್ತಿಕೊಂಡು ನಡೆಯಬೇಕಾದ ವಯಸ್ಸು. ನಾನಾಗಿಯೇ ಹೋಗಿ "ತೆಗೆಸುತ್ತೇನೆ ಕಾಕಾ" ಎನ್ನಲು ನಾಲಿಗೆ ಬರಲಿಲ್ಲ. ಅವರು ಕೇಳಲಿ, ಆಮೇಲೆ ನೋಡೋಣ ಎಂದುಕೊಂಡೆ. ಅವರು ಕೇಳಲಿಲ್ಲ.

ಕಾಕಾನಿಗೆ ಆಗಲೇ ದಮ್ಮಿನ ತೊಂದರೆ. ದೂರದ ಕೋರ್ಟಿಗೆ ಹೋಗಲಾಗುವುದಿಲ್ಲ ಎಂದು ಕೋರ್ಟು ನೇಮಿಸಿದ ಕಮಿಷನರೊಬ್ಬರು ಸಾಕ್ಷಿ ಬರೆದುಕೊಳ್ಳಲು ದಾಂಡೇಲಿಗೇ ಬಂದರು. ಎರಡೂ ಕಡೆಯ ವಕೀಲರು, ಬರೆದುಕೊಳ್ಳುವವರು, ಕನ್ನಡ ತಿಳಿಸುವವರು ಎಲ್ಲ ಸೇರಿ ಪಡಸಾಲೆ ತುಂಬಿತು. ಕಾಕು ಅವಲಕ್ಕಿ ಹಚ್ಚಿ ತಂದಿಟ್ಟರು, ಯಾರೂ ಮುಟ್ಟಲಿಲ್ಲ. ಕಾಗದ ಓದಿ ಹೇಳಲು ಎಂದು ಕಾಕಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

ಕಾಕಾ ಎಲ್ಲವನ್ನೂ ಸರಿಯಾಗಿ ಹೇಳಿದರು. ಡಾಕ್ಟರು ಬಂದದ್ದು, ಸರಳು ಕೊಟ್ಟದ್ದು, ಮಿಲ್ಲಿನ ಕ್ಲಾಂಪು, ವಾಲಿಸಿ ಕೊರೆದದ್ದು. ಮುಂಬಯಿ ಕಡೆಯ ವಕೀಲರು ಮೆತ್ತಗೆ ಕೇಳುತ್ತಿದ್ದರು. ಕನ್ನಡ ಹೇಳುವವರು ಅದನ್ನು ಕಾಕಾನಿಗೆ ದಾಟಿಸುತ್ತಿದ್ದರು.

"ಮೊದಲ ಸಲ ಎಷ್ಟು ಸ್ಕ್ರೂ ಮಾಡಿದಿರಿ?"

"ಐದು."

"ಅವು ಈಗ ಎಲ್ಲಿವೆ?"

ಅವರ ಬಲಗೈ ಹೆಬ್ಬೆರಳು ಎಡಗೈಯ ಆ ನೀಲಿ ಗೆರೆಯನ್ನು ತಿಕ್ಕುತ್ತಿತ್ತು.

"ಹೊಳ್ಯಾಗ ಅದಾವ್ರಿ."

"ಹೊಳೆಯಲ್ಲಿ? ಯಾಕೆ?"

"ನಮ್ಮ ಕಡೆ ರೂಢಿ ಐತ್ರಿ. ಮೊದಲನೇದು ಹೊಳಿಗೆ ಬಿಡತೇವಿ."

"ಮೊದಲನೆಯದು ಅಂದರೆ ಒಂದು. ಉಳಿದ ನಾಲ್ಕು?"

ನನ್ನ ಬೆನ್ನು ಕುರ್ಚಿಗೆ ತಗುಲಿದ ಜಾಗ ತಣ್ಣಗಾಯಿತು. ಈಗ ಹೇಳುತ್ತಾರೆ ಎಂದುಕೊಂಡೆ. ಈಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆ ಎಂದುಕೊಂಡೆ.

"ಐದೂ ಬಿಟ್ಟೇನ್ರಿ" ಎಂದರು ಕಾಕಾ. "ಐದೂ ಹೊಳ್ಯಾಗ."

ಮುಂಬಯಿಯ ವಕೀಲರು ನಕ್ಕರು. ಕಮಿಷನರೂ ನಗು ಬಾರದಿರಲಿ ಎಂದು ಕನ್ನಡಕ ಒರೆಸಿಕೊಂಡರು. ಬೆಳಗಾವಿಯ ಮಾಲೀಕರು ತಲೆ ಕೆಳಗೆ ಹಾಕಿದರು. ಒಂದು ತಪ್ಪಿದ ಅಳತೆಯನ್ನು ಕೈಯಿಂದ ದಾಟಗೊಡದ ಮನುಷ್ಯ, ಪ್ರಮಾಣ ಮಾಡಿ, ನಾಲ್ಕು ಸ್ಕ್ರೂವಿನಷ್ಟು ಸುಳ್ಳು ಹೇಳಿದ್ದರು. ಅದು ಸುಳ್ಳೆಂದು ಗೊತ್ತಿದ್ದವಳು ಅವರ ಪಕ್ಕದಲ್ಲೇ ಕೂತಿದ್ದೆ. ನಾನು ಬಾಯಿ ತೆಗೆಯಲಿಲ್ಲ. ಬರೆದದ್ದನ್ನು ಓದಿ ಹೇಳು ಎಂದಾಗ ಓದಿ ಹೇಳಿದೆ. ಸಹಿ ಎಲ್ಲಿ ಮಾಡಬೇಕು ಎಂದಾಗ ಬೆರಳಿಟ್ಟು ತೋರಿಸಿದೆ.

ಎಲ್ಲರೂ ಹೋದ ಮೇಲೆ ಹಿತ್ತಲಲ್ಲಿ ಅವರು ಕಾಲು ತೊಳೆದುಕೊಳ್ಳುತ್ತಿದ್ದರು. ನಾನು ಹೋಗಿ ನಿಂತೆ.

"ಯಾಕ ಕಾಕಾ? ನನ್ನ ಒಂದು ಮಾತು ಕೇಳಬೇಕಿತ್ತಲ್ಲ."

ಅವರು ತಂಬಿಗೆಯ ನೀರು ಪೂರ್ತಿ ಖಾಲಿ ಮಾಡಿ, ತಂಬಿಗೆ ಬೋರಲು ಇಟ್ಟರು.

"ಕೇಳಿದ್ರ ನೀ ಹೂಂ ಅಂತಿದ್ದಿ. ಅದಕ್ಕ ಕೇಳಲಿಲ್ಲ."

ಇಷ್ಟು ವರ್ಷ ನನ್ನನ್ನು ಕಾಡುತ್ತಿರುವುದು ಈ ಮಾತು. ನಾನು ಹೂಂ ಅನ್ನುತ್ತಿದ್ದೆನೇ? ಪಡಸಾಲೆಯಲ್ಲಿ ಕೂತವಳಿಗೆ ಗೊತ್ತು, ಅನ್ನುತ್ತಿರಲಿಲ್ಲ. ಕಾಕಾ ನನ್ನನ್ನು ನನಗಿಂತ ಒಳ್ಳೆಯವಳೆಂದು ತಿಳಿದು, ಇಲ್ಲದ ಆ ಒಳ್ಳೆಯತನದಿಂದ ನನ್ನ ಕಾಲುಗಳನ್ನು ಉಳಿಸಲು ತಮ್ಮ ಒಳ್ಳೆಯ ಹೆಸರನ್ನೇ ಬಿಟ್ಟುಕೊಟ್ಟರು. ಬೈದಿದ್ದರೆ ಬದುಕಬಹುದಿತ್ತು. ಇದಕ್ಕೆ ಏನು ಮಾಡಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಬೆಳಗಾವಿಯವರು ಕೇಸು ಸೋತರು. ಮೊದಲೇ ಇತ್ತು ಎನ್ನಲು ಒಬ್ಬ ಮುದುಕನ ಬಾಯಿಮಾತು ಬಿಟ್ಟರೆ ಏನೂ ಇಲ್ಲ, ಆ ಮಾತೂ ನಂಬುವಂತಿಲ್ಲ ಎಂದಾಯಿತು. ಬೆಳಗಾವಿಯ ಕಂಪನಿ ಮುಚ್ಚಿತು; ಕಾಕಾ ಕಲಿಸಿದ ಕೈಗಳು ಬೇರೆ ಬೇರೆ ಕಡೆ ಚೆದುರಿದವು. ಮಾಲೀಕರು ಒಮ್ಮೆ ಬಂದು, ಕೂರದೆ, ನಿಂತೇ ಹೇಳಿದರು: "ನಿಮ್ಮ ಹೊಳಿ ನನ್ನ ಮುಳಗಿಸ್ತು ಕಾಕಾರ." ಕಾಕಾ ಕೈ ಮುಗಿದು, "ತಪ್ಪಾತ್ರಿ" ಎಂದರು. ಗೋಡೆಯ ಆಚೆ ತವರುಮನೆಯ ಅಡುಗೆಕೋಣೆಯಲ್ಲಿ ನಾನು ನಿಂತಿದ್ದೆ. ನನಗೆ ಅದು ಕೇಳಿಸಿತು.

ಊರಿಗೆ ಅದು ನಗೆಯ ವಸ್ತುವಾಯಿತು. ಚಹಾದಂಗಡಿಯಲ್ಲಿ, "ಬರ್ರಿ ಕಾಕಾರ, ಮೀನಿನ ಬಲಿ ತಗೊಂಡು ಹೊಳಿಗೆ ಹೋಗೂಣು, ನಿಮ್ಮ ಸ್ಕ್ರೂ ಸಿಕ್ಕಾವು" ಎಂದು ಚೇಷ್ಟೆ ಮಾಡುವವರು. ಕದ್ದು ಸಿಕ್ಕಿಬಿದ್ದ ಮೇಲೆ ಹೊಳೆಯ ಕಥೆ ಕಟ್ಟಿದ ಎನ್ನುವವರೂ ಇದ್ದರು. ಕಾಕಾ ಚಹಾದಂಗಡಿಗೆ ಹೋಗುವುದನ್ನು ಬಿಟ್ಟರು. ಕೆಲವು ತಿಂಗಳಿಗೆ ಶೆಡ್ಡಿನ ಬಾಗಿಲನ್ನೂ ಹಾಕಿದರು. ಆಯುಧಪೂಜೆಯ ಖಂಡೇನವಮಿಗೆ ಮಾತ್ರ ತೆಗೆದು, ಲೇತಿಗೆ ಎಣ್ಣೆ ಒರೆಸಿ, ಕುಂಕುಮ ಹಚ್ಚಿ, ಮತ್ತೆ ಹಾಕುತ್ತಿದ್ದರು. ಭೋಂಗಾ ಕೂಗಿದಾಗ ಕಟ್ಟೆಯ ಮೇಲೆ ಕೂತಲ್ಲೇ ಅವರ ಕಾಲು ಚಪ್ಪಲಿ ಹುಡುಕುತ್ತಿತ್ತು ಎಂದು ಕಾಕು ಹೇಳುತ್ತಿದ್ದರು.

ಮೂರು ವರ್ಷದ ಹಿಂದೆ ಅವರು ಹಾಸಿಗೆ ಹಿಡಿದರು. ನಾನು ಹಳಿಯಾಳದಿಂದ ಬಂದು ಪಕ್ಕದಲ್ಲಿ ಕೂತೆ. ಮಾತು ನಿಂತು ಎರಡು ದಿನವಾಗಿತ್ತಂತೆ. ನಾನು ಅವರ ಎಡಗೈ ಹಿಡಿದು, ಚಿಕ್ಕಂದಿನ ಹಾಗೆ, ಆ ಗೆರೆಯನ್ನು ಒತ್ತಿದೆ. ಅದು ಸರಿಯಿತು. ಕಾಕಾ ಕಣ್ಣು ತೆರೆದರು. ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡರು. ಕಾಕು ಒಬ್ಬರೇ.

"ನಾಕು ಮಂದಿ... ಹೆಂಗ ಅದಾರ?"

"ಆರಾಮ ಅದಾರ ಕಾಕಾ" ಎಂದೆ. ಹನ್ನೊಂದು ವರ್ಷದ ಮೇಲೆ ಕೇಳಿದ್ದರು. ಮರುದಿನ ಬೆಳಗಿನ ಭೋಂಗಾಕ್ಕೆ ಮೊದಲೇ ಹೋದರು.

ಹೊಳೆಯ ದಂಡೆಯಲ್ಲೇ ಸುಟ್ಟರು. ಮೂರನೆಯ ದಿನ ಬೂದಿಯನ್ನು ಕಾಳಿಗೆ ಬಿಟ್ಟರು. ಅಂಗೈಯ ಆ ಉಕ್ಕಿನ ಚೂರನ್ನು ಬೂದಿಯಲ್ಲಿ ಯಾರೂ ಹುಡುಕಲಿಲ್ಲ. ನನಗೂ ಹೊಳೆದದ್ದು ಮನೆಗೆ ಬಂದ ಮೇಲೆ. ಅದೂ ಹೊಳೆಗೇ ಹೋಯಿತು. ಆ ರಾತ್ರಿಯಿಂದ ಚಳಿಯಲ್ಲಿ ಬೆನ್ನು ಟಕ್ ಎಂದಾಗ, ನೋವಿಗಿಂತ ಮೊದಲು ಶೆಡ್ಡು ಕಣ್ಣಿಗೆ ಬರುತ್ತದೆ. ಒಳಗೆ ಲೇತ್ ತಿರುಗುತ್ತಿರುತ್ತದೆ, ಎದುರಿಗೆ ಯಾರೂ ಇರುವುದಿಲ್ಲ.

ಈಗ ಆ ಪೇಟೆಂಟಿನ ಅವಧಿಯೂ ಮುಗಿದಿದೆಯಂತೆ. ಆ ಥ್ರೆಡ್ಡನ್ನು ಇನ್ನು ಯಾರು ಬೇಕಾದರೂ ಕೊರೆಯಬಹುದು.

ಕಳೆದ ತಿಂಗಳು ಊಟಕ್ಕೆ ಕೂತಾಗ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಈಗ ಹದಿನೇಳು. "ನಾ ಹೋದ ಮ್ಯಾಲ ನನ್ನ ಸುಡತೀರಲ್ಲ, ಬೂದ್ಯಾಗ ನಾಕು ಸ್ಕ್ರೂ ಸಿಗತಾವ. ಬೂದಿ ಹೊಳಿಗೆ ಬಿಡು, ಸ್ಕ್ರೂ ಬಿಡಬ್ಯಾಡ. ತೊಳದು ನೋಡು, ತಲಿ ಕೆಳಗ ಒಂದೊಂದು ಚುಕ್ಕಿ ಇರತೈತಿ. ದಾಂಡೇಲಿಗೆ ಒಯ್ದು, ಇವು ಹೊಳ್ಯಾಗ ಇರಲಿಲ್ಲ, ನಮ್ಮ ಅವ್ವನ ಬೆನ್ನಾಗ ಇದ್ವು ಅಂತ ಎಲ್ಲಾರಿಗೂ ಹೇಳು" ಎಂದೆ.

ಅವಳು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು.

"ಅಲ್ಲೀತನಾ ಯಾಕ? ಈಗ ನೀನ ಹೇಳೂದಿಲ್ಲೇನು?"

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದರೆ ಹೂಂ ಅನ್ನುತ್ತೇನೆ ಎಂದು ಕಾಕಾ ನಂಬಿದ್ದರು.

ಹೂಂ ಅಂದೆ.

ಅದಕ್ಕೇ ಇದನ್ನು ಬರೆದಿದ್ದೇನೆ. ಅವರು ಮಾಡಿದ್ದು ಐದು. ಹೊಳೆಯಲ್ಲಿರುವುದು ಒಂದೇ. ಉಳಿದ ನಾಲ್ಕು ನನ್ನಲ್ಲಿವೆ, ಆರಾಮ ಇವೆ.